ಫೋನ್ ಮನೆಗೆ ಬರುವ ಹೊತ್ತು: ಬೆಂಗಳೂರಿನ ಶಾಲೆಗಳ ಹೈಬ್ರಿಡ್ ಬೋಧನೆಗೆ ಯೋಜನೆ ಎಲ್ಲಿಂದ ಶುರುವಾಗಬೇಕು?

ಮಳೆಯ ಕಾರಣಕ್ಕೆ 2024ರ ಅಕ್ಟೋಬರ್ 16ರಂದು ಬೆಂಗಳೂರು ನಗರ ಜಿಲ್ಲೆಯ ಶಾಲೆಗಳಿಗೆ ರಜೆ ಘೋಷಿಸಲಾಗಿತ್ತು. ಇಂಥ ದಿನಗಳಲ್ಲಿ ಒಂದೇ ಬೀದಿಯ ಎರಡು ಶಾಲೆಗಳು ಎರಡು ರೀತಿಯಲ್ಲಿ ಲೆಕ್ಕ ಬರೆಯುವುದು ಈ ನಗರದಲ್ಲಿ ರೂಢಿಯಾಗುತ್ತಿದೆ. ಅನುಕೂಲವಿರುವ ಖಾಸಗಿ ಶಾಲೆ ಬೆಳಿಗ್ಗೆಯೇ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳಿಸಿ, ಮಧ್ಯಾಹ್ನದೊಳಗೆ ನಾಲ್ಕು ಪೀರಿಯಡ್ ಮುಗಿಸಿ, ಪಾಠ ನಡೆದ ದಿನವೆಂದು ಬರೆದುಕೊಳ್ಳುತ್ತದೆ. ಎದುರಿನ ಸರ್ಕಾರಿ ಶಾಲೆ ಬಾಗಿಲು ಹಾಕಿರುತ್ತದೆ. ಮುಂದೆ ಒಂದೆರಡು ಶನಿವಾರ ಅರ್ಧ ದಿನದ ಬದಲು ಪೂರ್ಣ ದಿನ ತರಗತಿ ನಡೆಸಿ ಹೋದ ದಿನವನ್ನು ತುಂಬಿಕೊಳ್ಳುತ್ತದೆ. ಕಡತದಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ಆ ದಿನ ಯಾವ ಮಗು ಏನು ಕಲಿಯಿತು ಎಂದು ಕೇಳಿದರೆ ಎರಡು ಕಡತಗಳಲ್ಲೂ ಉತ್ತರ ಸಿಗುವುದಿಲ್ಲ.

ಆನ್‌ಲೈನ್ ತರಗತಿ ಎಂದ ಕೂಡಲೇ ನಮ್ಮ ಮನಸ್ಸು ಕೋವಿಡ್ ಕಾಲಕ್ಕೆ ಹೋಗುತ್ತದೆ. ಆದರೆ ಆ ನಂತರದ ವರ್ಷಗಳಲ್ಲಿ ಬೆಂಗಳೂರಿನ ಶಾಲೆಗಳು ಮುಚ್ಚಿದ್ದು ಬೇರೆ ಬೇರೆ ಕಾರಣಗಳಿಗೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರ ಮತ್ತು ಹೊರ ವರ್ತುಲ ರಸ್ತೆಯ ಸುತ್ತಮುತ್ತ ನೀರು ನುಗ್ಗಿದಾಗ ಆ ಭಾಗದ ಹಲವು ಶಾಲೆಗಳು ಆನ್‌ಲೈನ್‌ಗೆ ತಿರುಗಿದವು. ಅದೇ ದಿನಗಳಲ್ಲಿ ಊರಿನ ಇನ್ನೊಂದು ಬದಿಯ ಶಾಲೆಗಳು ಎಂದಿನಂತೆ ನಡೆದವು. 2023ರ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, ಮೂರೇ ದಿನಗಳಲ್ಲಿ 29ರಂದು ಕರ್ನಾಟಕ ಬಂದ್. ಅದೇ ವರ್ಷದ ಡಿಸೆಂಬರ್ 1ರಂದು ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇ-ಮೇಲ್ ಬಂದು, ತರಗತಿಯಲ್ಲಿ ಕುಳಿತಿದ್ದ ಮಕ್ಕಳನ್ನು ಮೈದಾನಕ್ಕೂ ಮನೆಗೂ ಕಳಿಸಬೇಕಾಯಿತು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಕೊನೆಯ ಉದಾಹರಣೆಯನ್ನು ಬಿಟ್ಟರೆ ಎಲ್ಲವೂ ಒಂದು ದಿನದಿಂದ ಒಂದು ವಾರದೊಳಗಿನ ಅಡಚಣೆಗಳು, ಅವುಗಳಲ್ಲಿ ಕೆಲವು ನಗರದ ಒಂದು ಭಾಗಕ್ಕೆ ಮಾತ್ರ ತಟ್ಟಿದವು.

ಹಾಗಾಗಿ ಹೈಬ್ರಿಡ್ ಬೋಧನೆಯ, ಅಂದರೆ ಶಾಲೆಯ ಪಾಠದ ಜೊತೆ ದೂರದ ಪಾಠವನ್ನೂ ಬೆರೆಸುವ ಬೋಧನೆಯ, ಯೋಜನೆ ಎಂದರೆ ಇನ್ನೊಂದು ಲಾಕ್‌ಡೌನ್‌ಗೆ ಸಜ್ಜಾಗುವುದು ಎಂದುಕೊಂಡರೆ ಆರಂಭದಲ್ಲೇ ದಾರಿ ತಪ್ಪುತ್ತದೆ. ಈ ನಗರಕ್ಕೆ ಬೇಕಿರುವುದು ಚಿಕ್ಕ ಅವಧಿಯ, ಬಿಡಿಬಿಡಿಯಾಗಿ ಬರುವ, ಮುನ್ಸೂಚನೆ ಹೆಚ್ಚೆಂದರೆ ಹಿಂದಿನ ಸಂಜೆಯಷ್ಟೇ ಸಿಗುವ ಅಡಚಣೆಗಳಿಗೆ ಒಂದು ಸಿದ್ಧ ವ್ಯವಸ್ಥೆ. ಅಂಥ ವ್ಯವಸ್ಥೆಯನ್ನು ಶಾಲೆಯ ವೇಳಾಪಟ್ಟಿಯಿಂದ ಆರಂಭಿಸದೆ ಮಗುವಿನ ಮನೆಯ ಗಡಿಯಾರದಿಂದ ಆರಂಭಿಸಬೇಕು ಎಂಬುದು ಈ ಲೇಖನದ ವಾದ.

ಯೋಜನೆ ಯಾರ ಕೈಯಲ್ಲಿ ಇರಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಶಾಲಾ ಶಿಕ್ಷಣ ಇಲಾಖೆಗೆ ಉತ್ತರ ಮತ್ತು ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಒಂದೊಂದಕ್ಕೂ ಒಬ್ಬ ಉಪನಿರ್ದೇಶಕರು, ಅವರ ಕೆಳಗೆ ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಕೆಳಗೆ ಹತ್ತಿರದ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರ್‌ಗೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ). ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾದ ಮೇಲೆ, ಅದೇ ವರ್ಷ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದ ಮೇಲೆ, ‘ಬೆಂಗಳೂರು ದಕ್ಷಿಣ’ ಎಂದರೆ ಯಾವುದು ಎಂದು ಕೇಳಿ ತಿಳಿಯಬೇಕಾದ ಸ್ಥಿತಿ ಬಂದಿರುವುದು ಬೇರೆ ಮಾತು. ಮಳೆ ರಜೆ ಘೋಷಿಸುವವರು ಜಿಲ್ಲಾಧಿಕಾರಿ, ಶಾಲೆ ನಡೆಸುವವರು ಮುಖ್ಯ ಶಿಕ್ಷಕರು. ಇವರಿಬ್ಬರ ನಡುವೆ ಪಾಠದ ಬಗ್ಗೆ ನಿರ್ಧರಿಸಬೇಕಾದ ಕಚೇರಿ ಉಪನಿರ್ದೇಶಕರದು. ರಜೆಯ ಸುತ್ತೋಲೆ ರಾತ್ರಿಯೇ ಎಲ್ಲರ ಫೋನಿಗೂ ತಲುಪುತ್ತದೆ. ಅದರ ಜೊತೆ ಪಾಠದ ಸೂಚನೆಯೊಂದು ಹೋಗಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ ಎಂಬುದೇ ಸಮಸ್ಯೆಯ ಒಂದು ಮುಖ.

ಕೋವಿಡ್ ಬಿಟ್ಟುಹೋದ ಅನುಭವ

ಹೊಸದಾಗಿ ಯೋಚಿಸುವ ಮೊದಲು 2020ರಲ್ಲಿ ಇದೇ ರಾಜ್ಯ ಏನು ಮಾಡಿತು ಎಂದು ನೋಡುವುದು ಒಳ್ಳೆಯದು, ಏಕೆಂದರೆ ಆಗ ಸರಿಯಾಗಿ ಆದ ಕೆಲಸಗಳೂ ಮರೆತುಹೋಗಿವೆ. ಆ ವರ್ಷದ ಜೂನ್‌ನಲ್ಲಿ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಲು ಹೊರಟಿತು. ಪೋಷಕರು ಹೈಕೋರ್ಟ್ ಮೆಟ್ಟಿಲೇರಿದರು; ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ ಓಕಾ ಅವರಿದ್ದ ವಿಭಾಗೀಯ ಪೀಠ, ಶಿಕ್ಷಣದ ಮೂಲಭೂತ ಹಕ್ಕನ್ನು ಹೀಗೆ ಮೊಟಕುಗೊಳಿಸಲಾಗದು ಎಂದು ಆ ಆದೇಶಗಳಿಗೆ ತಡೆ ನೀಡಿತು. ಪ್ರೊ. ಎಂ.ಕೆ. ಶ್ರೀಧರ್ ಅಧ್ಯಕ್ಷತೆಯ ತಜ್ಞರ ಸಮಿತಿ ತಂತ್ರಜ್ಞಾನ ಆಧಾರಿತ ಕಲಿಕೆಗೆ ಮಾರ್ಗಸೂಚಿ ಕೊಟ್ಟಿತು. ಪ್ರೌಢಶಾಲೆಯ ಮಕ್ಕಳಿಗೆ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು.

ವಿದ್ಯಾಗಮದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದು ಮಕ್ಕಳನ್ನು ಮೊಬೈಲೇ ಇಲ್ಲದವರು, ಸಾಮಾನ್ಯ ಫೋನ್ ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಹೊಂದಿದವರು ಎಂದು ಮೂರು ಗುಂಪು ಮಾಡಿ, ಗುಂಪಿಗೆ ತಕ್ಕ ವಿಧಾನವನ್ನು ಹೇಳಿತು. ಶಿಕ್ಷಕರು ವಠಾರಗಳಿಗೆ, ದೇವಸ್ಥಾನದ ಪಡಸಾಲೆಗಳಿಗೆ, ಸಮುದಾಯ ಭವನಗಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭೀತಿ ಹೆಚ್ಚಿ ಅಕ್ಟೋಬರ್ 10ರಂದು ಅದನ್ನು ನಿಲ್ಲಿಸಲಾಯಿತು. ನಿಂತ ಕಾರಣ ಆರೋಗ್ಯದ್ದು. ಬೋಧನಾ ಕ್ರಮವಾಗಿ ಅದು ಸೋತಿತೆಂದು ಹೇಳಲು ಆಧಾರವಿಲ್ಲ. ಮಕ್ಕಳ ಬಳಿ ಏನಿದೆ ಎಂದು ಮೊದಲು ತಿಳಿದು, ಆಮೇಲೆ ಪಾಠದ ರೂಪ ನಿರ್ಧರಿಸಿದ್ದು ಅದರ ಹೆಚ್ಚುಗಾರಿಕೆ. ಒಂದು ಪ್ರಶ್ನೆಯನ್ನು ಮಾತ್ರ ಅದು ಕೇಳಲಿಲ್ಲ: ಮನೆಯಲ್ಲಿರುವ ಆ ಫೋನ್ ಎಷ್ಟು ಹೊತ್ತಿಗೆ ಮಗುವಿನ ಕೈಗೆ ಸಿಗುತ್ತದೆ?

ಪ್ರಾಥಮಿಕ ಶಾಲೆಯ 1ರಿಂದ 5ನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಅಂದರೆ ಹತ್ತಿರಹತ್ತಿರ ಹತ್ತೊಂಬತ್ತು ತಿಂಗಳ ಮೇಲೆ. ಬೆಂಗಳೂರಿನ ಮಕ್ಕಳಿಗೆ 2022ರ ಜನವರಿಯಲ್ಲಿ ಇನ್ನೊಂದು ಸುತ್ತಿನ ಮುಚ್ಚುಗಡೆ ಬೇರೆ ಬಂತು. ಆ ನಷ್ಟವನ್ನು ತುಂಬಲೆಂದು 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಇಡೀ ವರ್ಷವನ್ನೇ ಮೀಸಲಿಡಬೇಕಾಯಿತು, ಶಾಲೆಗಳನ್ನು ಮೇ 16ಕ್ಕೇ ತೆರೆಯಬೇಕಾಯಿತು.

ಇದ್ದೂ ಇಲ್ಲದ ಫೋನ್

2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ನಡುವೆ ನಡೆದ ‘ಸ್ಕೂಲ್’ ಸಮೀಕ್ಷೆಯ ಪ್ರಕಾರ, ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದವರು ನಗರಗಳಲ್ಲಿ ಶೇ 24, ಹಳ್ಳಿಗಳಲ್ಲಿ ಶೇ 8. ಹಳ್ಳಿಯ ಅಂಕಿಯೇ ಹೆಚ್ಚು ಸುದ್ದಿಯಾಯಿತು. ಬೆಂಗಳೂರಿನವರು ಗಮನಿಸಬೇಕಾದ ಅಂಕಿ ಅದೇ ವರದಿಯಲ್ಲಿ ಇನ್ನೊಂದಿದೆ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ನಗರದ ಕುಟುಂಬಗಳಲ್ಲೂ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಕ್ಕಳು ಶೇ 31 ಮಾತ್ರ. ಫೋನ್ ದುಡಿಯುವ ಹಿರಿಯರ ಜೊತೆ ಹೊರಗೆ ಹೋಗುತ್ತದೆ ಎಂಬುದು ಅದಕ್ಕೆ ಸಿಕ್ಕ ಕಾರಣಗಳಲ್ಲಿ ಒಂದು.

ಈ ಕಾರಣ ಅಂದಿಗಿಂತ ಇಂದು ಇನ್ನೂ ಗಟ್ಟಿಯಾಗಿದೆ. ಆಟೊ ಅಥವಾ ಟ್ಯಾಕ್ಸಿ ಓಡಿಸುವ ತಂದೆಗೆ ಫೋನೇ ದುಡಿಮೆಯ ಸಾಧನ. ಊಟದ ಡಬ್ಬಿ, ದಿನಸಿ ತಲುಪಿಸುವ ಅಣ್ಣನಿಗೂ ಅಷ್ಟೇ. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ತಾಯಿ ಯುಪಿಐ ಹಣ ಬಂತೇ ಎಂದು ನೋಡಿಕೊಳ್ಳುವುದು ಅದೇ ಫೋನಿನಲ್ಲಿ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಫೋನ್ ವಾಪಸು ಬರುವುದು ಸಂಜೆ ಏಳರ ಸುಮಾರಿಗೆ. ಇಂಥ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆಯೇ ಎಂದು ಕೇಳಿದರೆ ‘ಇದೆ’ ಎಂಬುದೇ ಪ್ರಾಮಾಣಿಕ ಉತ್ತರ. ಆ ಉತ್ತರವನ್ನು ನಂಬಿ ಬೆಳಿಗ್ಗೆ ಹತ್ತಕ್ಕೆ ಗಣಿತದ ತರಗತಿ ಇಟ್ಟರೆ ಮಗು ಗೈರುಹಾಜರಿ.

ಒಂದು ಮನೆಯ ಲೆಕ್ಕ ಹಾಕೋಣ. ಒಂದೇ ಫೋನ್, ಇಬ್ಬರು ಮಕ್ಕಳು, ಒಬ್ಬಳು ಹತ್ತನೇ ತರಗತಿ, ಒಬ್ಬ ಏಳನೇ ತರಗತಿ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞತಾ’ ಮಾರ್ಗಸೂಚಿಯ ಪ್ರಕಾರ 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳನ್ನು, 9ರಿಂದ 12ನೇ ತರಗತಿಗೆ ಅಂಥವೇ ನಾಲ್ಕು ಅವಧಿಗಳನ್ನು ಮೀರುವಂತಿಲ್ಲ. ಅಕ್ಕನಿಗೆ ಮೂರು ಗಂಟೆ, ತಮ್ಮನಿಗೆ ಒಂದೂವರೆ ಗಂಟೆ, ಒಟ್ಟು ನಾಲ್ಕೂವರೆ ಗಂಟೆ. ಫೋನ್ ಮನೆಯಲ್ಲಿ ಎಚ್ಚರವಾಗಿರುವುದು ಸಂಜೆ ಏಳರಿಂದ ಹತ್ತರವರೆಗೆ. ವಿಡಿಯೊ ತರಗತಿಯೊಂದು ಗಂಟೆಗೆ ಅರ್ಧದಿಂದ ಒಂದು ಜಿಬಿ ಡೇಟಾ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹಾಕಿಸಿಕೊಂಡ ಅಪ್ಪ ಹಗಲಿಡೀ ಬಾಡಿಗೆ ಹೊಡೆದು ಮನೆಗೆ ಬರುವಾಗ ಅದರಲ್ಲಿ ಎಷ್ಟು ಉಳಿದಿರುತ್ತದೆ? ಯಾವ ಆ್ಯಪ್, ಯಾವ ಸಾಫ್ಟ್‌ವೇರ್ ಎಂಬ ಚರ್ಚೆ ಈ ಲೆಕ್ಕ ಮುಗಿದ ಮೇಲೆ ಬರಬೇಕಾದದ್ದು. ನಮ್ಮಲ್ಲಿ ಅದು ಮೊದಲೇ ಬರುತ್ತದೆ.

ಇನ್ನೊಂದು ಲೆಕ್ಕ ಕಾನೂನಿನದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಆಗಬೇಕು. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಕಿರಿಯ ತರಗತಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಎಂದಾಯಿತು. ಐದು ದಿನ ಶಾಲೆ ಮುಚ್ಚಿದರೆ ಹೋಗುವುದು 20 ಗಂಟೆ. ಪ್ರಜ್ಞತಾ ಮಿತಿಯನ್ನು ಪೂರ್ತಿ ಬಳಸಿಕೊಂಡು ಐದೂ ದಿನ ಆನ್‌ಲೈನ್ ಪಾಠ ಮಾಡಿದರೂ ಸಿಗುವುದು ಏಳೂವರೆ ಗಂಟೆ. ಎಲ್ಲ ಮಕ್ಕಳೂ ಹಾಜರಾದರು, ನೆಟ್‌ವರ್ಕ್ ಒಮ್ಮೆಯೂ ಕೈಕೊಡಲಿಲ್ಲ ಎಂದು ಭಾವಿಸಿದರೂ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಆನ್‌ಲೈನ್ ದಿನವನ್ನು ಶಾಲಾ ದಿನಕ್ಕೆ ಸಮನೆಂದು ಬರೆದುಕೊಳ್ಳುವ ಪದ್ಧತಿ, ಅದು ಎಷ್ಟೇ ದೊಡ್ಡ ಶಾಲೆಯದಾಗಿರಲಿ, ಒಪ್ಪುವಂಥದ್ದಲ್ಲ. ದಿನದ ಬದಲು ಗಂಟೆಯನ್ನು ಎಣಿಸಿ, ಉಳಿದ ಹನ್ನೆರಡೂವರೆ ಗಂಟೆ ಎಲ್ಲಿ ತುಂಬಿಕೊಳ್ಳುತ್ತೀರಿ ಎಂದು ಎಲ್ಲ ಆಡಳಿತಗಳ ಶಾಲೆಗಳನ್ನೂ ಒಂದೇ ನಮೂನೆಯಲ್ಲಿ ಕೇಳುವ ಅಧಿಕಾರವನ್ನು ಶೈಕ್ಷಣಿಕ ಜಿಲ್ಲೆ ಬಳಸಬೇಕು.

ಒಂದೇ ಕೋಣೆಯಲ್ಲಿ ಎರಡು ತರಗತಿ

‘ಹೈಬ್ರಿಡ್’ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥಗಳು ಓಡಾಡುತ್ತಿವೆ. ಕೆಲವು ದಿನ ಶಾಲೆ, ಕೆಲವು ದಿನ ಮನೆ ಎಂಬುದು ಒಂದು. ಶಿಕ್ಷಕರು ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಮನೆಯಲ್ಲಿರುವ ಮಕ್ಕಳು ಅದನ್ನೇ ಪರದೆಯಲ್ಲಿ ನೋಡುವುದು ಇನ್ನೊಂದು. ಎರಡನೆಯದನ್ನು ದೆಹಲಿ ದೊಡ್ಡ ಮಟ್ಟದಲ್ಲಿ ಅನುಭವಿಸಿದೆ. 2024ರ ನವೆಂಬರ್‌ನಲ್ಲಿ ವಾಯುಮಾಲಿನ್ಯದ ಕಾರಣ ಅಲ್ಲಿನ ಶಾಲೆಗಳು ಮುಚ್ಚಿದಾಗ, ಮಕ್ಕಳಿಗೆ ಬಿಸಿಯೂಟ ತಪ್ಪುತ್ತಿದೆ, ಅನೇಕರಿಗೆ ಆನ್‌ಲೈನ್ ಪಾಠದ ಸೌಕರ್ಯವೇ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿ ಹೇಳಿತು. ಬಳಿಕ ವಾಯು ಗುಣಮಟ್ಟ ನಿರ್ವಹಣಾ ಆಯೋಗ ಹೈಬ್ರಿಡ್ ತರಗತಿಗೆ ಸೂಚಿಸಿ, ಶಾಲೆಗೆ ಬರುವುದೋ ಮನೆಯಲ್ಲಿ ಕೂರುವುದೋ ಎಂಬ ಆಯ್ಕೆಯನ್ನು ಮಕ್ಕಳಿಗೂ ಪೋಷಕರಿಗೂ ಬಿಟ್ಟಿತು.

ಬಿಕ್ಕಟ್ಟಿನ ನಡುವೆ ಅದು ಅನಿವಾರ್ಯವಾಗಿದ್ದಿರಬಹುದು. ಮುಂಚಿತವಾಗಿ ಯೋಜಿಸಲು ಅವಕಾಶವಿರುವ ಬೆಂಗಳೂರು ಈ ಮಾದರಿಯನ್ನು ಒಪ್ಪಬಾರದು ಎಂಬುದು ನನ್ನ ನಿಲುವು. ನಲವತ್ತು ಮಕ್ಕಳಿರುವ ಎಂಟನೇ ತರಗತಿಯ ಮೇಜಿನ ಮೇಲೆ ಶಿಕ್ಷಕಿ ತಮ್ಮದೇ ಫೋನನ್ನು ಡಸ್ಟರಿಗೆ ಒರಗಿಸಿ ನಿಲ್ಲಿಸುತ್ತಾರೆ ಎಂದುಕೊಳ್ಳಿ. ಅದರ ಕಣ್ಣಿಗೆ ಹಲಗೆಯ ಅರ್ಧ ಭಾಗ ಬೀಳುತ್ತದೆ, ಕಿವಿಗೆ ಹಿಂದಿನ ಬೆಂಚಿನ ಗದ್ದಲವೂ ಹೊರಗಿನ ವಾಹನಗಳ ಹಾರ್ನೂ ಸೇರಿ ಬೀಳುತ್ತವೆ. ಶಿಕ್ಷಕಿ ಹಲಗೆಯತ್ತ ನಡೆದರೆ ದನಿ ಕೇಳುವುದಿಲ್ಲ, ಫೋನಿನ ಬಳಿ ನಿಂತರೆ ಎದುರಿನ ಮಕ್ಕಳಿಗೆ ಅವರ ಬೆನ್ನು ಕಾಣುತ್ತದೆ. ಮನೆಯ ಮಗು ಕೈ ಎತ್ತಿದ್ದು ತಿಳಿಯಲು ಅವರು ಎರಡು ನಿಮಿಷಕ್ಕೊಮ್ಮೆ ಪರದೆ ನೋಡಬೇಕು. ಉಚಿತ ಖಾತೆಯಾದರೆ ಝೂಮ್ ನಲವತ್ತು ನಿಮಿಷಕ್ಕೆ ಕೊಂಡಿ ಕಳಚುತ್ತದೆ. ಎರಡು ತರಗತಿಗಳನ್ನು ಒಟ್ಟಿಗೆ ನಡೆಸಿದ ದಣಿವು ಶಿಕ್ಷಕಿಗೆ, ಅರ್ಧ ಪಾಠ ಎರಡೂ ಕಡೆಯ ಮಕ್ಕಳಿಗೆ. ಮನೆ ಕೆಲಸವನ್ನೂ ಕಚೇರಿ ಕೆಲಸವನ್ನೂ ಒಟ್ಟಿಗೆ ಮಾಡಿದ ಐಟಿ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿ ಬಂದಿರುವುದು ವಿಚಿತ್ರವೇ.

ಇದರ ಬದಲಿಗೆ ಏನು? ಒಂದೊಂದು ಶಾಲೆಗೆ ಸಾಧ್ಯವಾಗದ, ಜಿಲ್ಲೆಗೆ ಮಾತ್ರ ಸಾಧ್ಯವಾಗುವ ಒಂದು ಕೆಲಸವಿದೆ, ಅದು ಶಿಕ್ಷಕರನ್ನು ಹಂಚಿಕೊಳ್ಳುವುದು. ಒಂದು ಕ್ಲಸ್ಟರ್‌ನ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಗೆ ಗಣಿತ ಹೇಳುವ ಐದು ಮಂದಿ ಶಿಕ್ಷಕರಿದ್ದರೆ, ಮುಚ್ಚುಗಡೆಯ ದಿನ ಐವರೂ ಐದು ಲಿಂಕ್ ತೆರೆಯಬೇಕಿಲ್ಲ. ಒಬ್ಬರು ಸಂಜೆ ಏಳೂವರೆಗೆ ಎಲ್ಲ ಮಕ್ಕಳಿಗೂ ಮುಕ್ಕಾಲು ಗಂಟೆ ಪಾಠ ಮಾಡಲಿ. ಇನ್ನಿಬ್ಬರು ಹಗಲಿನಲ್ಲಿ ಸಾಮಾನ್ಯ ಫೋನಿನ ಮಕ್ಕಳಿಗೆ ಕರೆ ಮಾಡಿ ಅಭ್ಯಾಸ ಹಾಳೆಯ ಲೆಕ್ಕಗಳನ್ನು ವಿಚಾರಿಸಲಿ. ಉಳಿದವರು ಮರುದಿನದ ಹಾಳೆ ಸಿದ್ಧಪಡಿಸಲಿ. ಸಂಜೆ ಪಾಠ ಮಾಡಿದವರಿಗೆ ಹಗಲಿನಲ್ಲಿ ಅಷ್ಟೇ ಹೊತ್ತು ಬಿಡುವು ಸಿಗಬೇಕು ಎಂಬುದನ್ನು ಯೋಜನೆಯಲ್ಲೇ ಬರೆಯಬೇಕು. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಕೆಲಸವನ್ನು, ಅದೂ ಪಾಠದ ಸಿದ್ಧತೆಯ ಹೊತ್ತನ್ನೂ ಸೇರಿಸಿ, ನಿಗದಿಪಡಿಸಿದೆ. ಸರ್ಕಾರಿ ಶಾಲೆಗಳ ಶಿಕ್ಷಕಿಯರಲ್ಲಿ ಅನೇಕರಿಗೆ ಸಂಜೆ ಏಳು ಗಂಟೆ ಎಂದರೆ ತಮ್ಮ ಮನೆಯ ಒಲೆಯ ಮುಂದೆ ನಿಲ್ಲುವ ಹೊತ್ತು. ಅದನ್ನು ಮರೆತ ಯೋಜನೆ ಎರಡನೇ ದಿನವೇ ಕುಸಿಯುತ್ತದೆ. ಸರದಿ ಇಟ್ಟರೆ ವಾರಕ್ಕೊಂದು ಸಂಜೆ ಮಾತ್ರ ಒಬ್ಬೊಬ್ಬರ ಪಾಲಿಗೆ ಬರುತ್ತದೆ.

ಭಾಷೆಯ ತೊಡಕೂ ಇಲ್ಲಿಯೇ ಬಿಡಿಸಬಹುದು. ಬೆಂಗಳೂರಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮವಲ್ಲದೆ ಉರ್ದು, ತಮಿಳು, ತೆಲುಗು ಮಾಧ್ಯಮದ ಶಾಲೆಗಳೂ ಇವೆ. ಕನ್ನಡ ಮಾಧ್ಯಮಕ್ಕೆ ಕ್ಲಸ್ಟರ್ ಮಟ್ಟದ ಹಂಚಿಕೆ ಸಾಕಾಗಬಹುದು. ಉರ್ದು ಮಾಧ್ಯಮದ ವಿಜ್ಞಾನ ಶಿಕ್ಷಕರನ್ನು ಒಂದು ಕ್ಲಸ್ಟರ್‌ನೊಳಗೆ ಹುಡುಕಿದರೆ ಸಿಗಲಾರರು, ಇಡೀ ಶೈಕ್ಷಣಿಕ ಜಿಲ್ಲೆಯನ್ನೇ ಒಂದು ಘಟಕವಾಗಿ ನೋಡಬೇಕಾಗುತ್ತದೆ.

ನಲಿ-ಕಲಿಯಲ್ಲಿ ಅಡಗಿರುವ ಉತ್ತರ

ಇಷ್ಟು ಹೊತ್ತು ಹೇಳಿದ್ದು ದೊಡ್ಡ ಮಕ್ಕಳ ಮಾತು. ಒಂದನೇ ತರಗತಿಯ ಮಗುವನ್ನು ಪರದೆಯ ಮುಂದೆ ಕೂರಿಸಿ ಅಕ್ಷರ ಕಲಿಸುವುದು ಆಗದ ಕೆಲಸ ಎಂದು ಹೇಳಿ ಸುಮ್ಮನಾಗುವುದು ಸುಲಭ. 2020ರ ನಿಷೇಧದ ಹಿಂದೆ ಇದ್ದದ್ದೂ ಅದೇ ಭಾವನೆ. ಆದರೆ ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿ ದೂರದ ಬೋಧನೆಗೆ ಬೇಕಾದ ಮುಖ್ಯ ಸಿದ್ಧತೆಯೊಂದು ಬಹಳ ಹಿಂದೆಯೇ ಆಗಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಪಠ್ಯವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನದೇ ವೇಗದಲ್ಲಿ ಹತ್ತುತ್ತದೆ. ಮಕ್ಕಳು ಕೂರುವ ಗುಂಪುಗಳಿಗೆ ‘ತಟ್ಟೆ’ ಎನ್ನುತ್ತಾರೆ. ಯಾವ ಚಟುವಟಿಕೆಗೆ ಶಿಕ್ಷಕರ ಪೂರ್ಣ ಸಹಾಯ ಬೇಕು, ಯಾವುದಕ್ಕೆ ಭಾಗಶಃ ಸಾಕು, ಯಾವುದನ್ನು ಜೊತೆಯ ಮಗುವಿನೊಡನೆ ಮಾಡಬಹುದು, ಯಾವುದನ್ನು ಮಗು ತಾನೇ ಮಾಡಿಕೊಳ್ಳಬಲ್ಲದು ಎಂಬುದರ ಮೇಲೆ ತಟ್ಟೆಗಳು ಬೇರೆಯಾಗುತ್ತವೆ.

ಈ ವಿಂಗಡಣೆಯನ್ನು ತುಸು ನಿಂತು ನೋಡಿದರೆ ದೂರದ ಬೋಧನೆಯ ಯೋಜಕ ಕೇಳುವ ಪ್ರಶ್ನೆಯೂ ಇದೇ ಎಂದು ತಿಳಿಯುತ್ತದೆ. ಯಾವುದು ಮನೆಗೆ ಹೋಗಬಹುದು, ಯಾವುದು ಶಾಲೆಯಲ್ಲೇ ಆಗಬೇಕು? ಸ್ವಕಲಿಕೆಯ ಕಾರ್ಡುಗಳು, ಅಭ್ಯಾಸ ಪುಸ್ತಕದ ಪುಟಗಳು ಮನೆಗೆ ಹೋಗಬಲ್ಲವು. ಸಹಪಾಠಿಯ ನೆರವಿನವು ಒಂದೇ ವಠಾರದ ಇಬ್ಬರು ಮೂವರು ಮಕ್ಕಳು ಒಟ್ಟಿಗೆ ಕೂತರೆ ನಡೆಯುತ್ತವೆ. ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಬಹುಪಾಲು ಅಕ್ಕಪಕ್ಕದ ಬೀದಿಗಳಿಂದಲೇ ಬರುವವರು. ಹೊಸ ಅಕ್ಷರ, ಹೊಸ ಪರಿಕಲ್ಪನೆ ಪರಿಚಯಿಸುವ ಮೆಟ್ಟಿಲುಗಳು ಮಾತ್ರ ಶಾಲೆ ತೆರೆಯುವವರೆಗೆ ಕಾಯಬೇಕು. ಒಂದು ವಾರದ ಮುಚ್ಚುಗಡೆಯಲ್ಲಿ ಯಾವ ಮಗುವೂ ಹೊಸ ಮೆಟ್ಟಿಲು ಹತ್ತದಿದ್ದರೆ ನಷ್ಟವಿಲ್ಲ. ಹತ್ತಿದ ಮೆಟ್ಟಿಲಿನಿಂದ ಜಾರದಿದ್ದರೆ ಸಾಕು, ಅದಕ್ಕೆ ಇಂಟರ್ನೆಟ್ ಬೇಡ. ಹತ್ತು ದಿನಕ್ಕಾಗುವಷ್ಟು ಹಾಳೆಗಳ ಒಂದು ಚೀಲವನ್ನು ಪ್ರತಿ ಮಗುವಿನ ಹೆಸರಿನಲ್ಲಿ ಜೂನ್‌ನಲ್ಲೇ ಸಿದ್ಧಪಡಿಸಿ, ಮೂರು ತಿಂಗಳಿಗೊಮ್ಮೆ ಮಗುವಿನ ಮೆಟ್ಟಿಲಿಗೆ ತಕ್ಕಂತೆ ಬದಲಿಸಿದರೆ ಮಳೆ ಬಂದ ರಾತ್ರಿ ಯಾರೂ ಗಾಬರಿಯಾಗಬೇಕಿಲ್ಲ. ಶಿಕ್ಷಕರು ಒಂದು ಸಾಲಿನ ಧ್ವನಿ ಸಂದೇಶ ಕಳಿಸಿದರೆ ಆಯಿತು: ನಾಳೆ ಚೀಲದ ಮೂರನೇ ಹಾಳೆ.

ನಾಲ್ಕನೇ ತರಗತಿಯಿಂದ ಮೇಲಕ್ಕೆ ಇಂಥ ಏಣಿ ಇಲ್ಲ. ಅಲ್ಲಿ ವಿಷಯ ಶಿಕ್ಷಕರು ಕುಳಿತು ತಮ್ಮ ಪಾಠಗಳನ್ನು ಇದೇ ರೀತಿ ಬೇರ್ಪಡಿಸಬೇಕಾಗುತ್ತದೆ. ಪಠ್ಯಪುಸ್ತಕಗಳ ಕ್ಯೂಆರ್ ಕೋಡ್, ದೀಕ್ಷಾ ವೇದಿಕೆಯ ವಿಡಿಯೊ, ಚಂದನದ ಹಳೆಯ ಪಾಠಗಳು ಇವೆಲ್ಲ ಇವೆ, ಸಾಮಗ್ರಿಯ ಕೊರತೆ ಇಲ್ಲ. ಯಾವ ಪಾಠಕ್ಕೆ ಯಾವ ವಿಡಿಯೊ, ನೋಡಿದ ಮೇಲೆ ಏನು ಬರೆಯಬೇಕು ಎಂದು ಜೋಡಿಸಿ ಕೊಡುವವರಿಲ್ಲ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿಗೆ (ಡಯಟ್) ಒಪ್ಪಿಸಬಹುದಾದ ಕೆಲಸವಿದು.

ಅಡುಗೆಮನೆ, ಗೌರವಧನ ಮತ್ತು ಬಿಟ್ಟುಹೋಗುವ ಮಕ್ಕಳು

ಶಾಲೆ ಮುಚ್ಚಿದ ದಿನ ಅಕ್ಷರ ದಾಸೋಹದ ಒಲೆಯೂ ಉರಿಯುವುದಿಲ್ಲ, ಕ್ಷೀರಭಾಗ್ಯದ ಹಾಲೂ ಇಲ್ಲ. ಬೆಂಗಳೂರಿನ ಬಹಳಷ್ಟು ಶಾಲೆಗಳಿಗೆ ಊಟ ಬರುವುದು ಸ್ವಯಂಸೇವಾ ಸಂಸ್ಥೆಗಳ ಕೇಂದ್ರೀಕೃತ ಅಡುಗೆಮನೆಗಳಿಂದ. ಕೋವಿಡ್‌ನಲ್ಲಿ ಊಟದ ಬದಲು ಧಾನ್ಯ ಹಂಚಿದ್ದುಂಟು, ಆದರೆ ಎರಡು ದಿನದ ಮುಚ್ಚುಗಡೆಗೆ ಧಾನ್ಯದ ಲೆಕ್ಕ ಹಾಕಲು ಕೂತರೆ ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ. ಬಂದ್ ಅಥವಾ ನೆರೆ ಇರದ, ಶಿಕ್ಷಕರ ನಿಯೋಜನೆಯಂಥ ಕಾರಣಕ್ಕೆ ಪಾಠ ನಿಂತಾಗ ಶಾಲೆಯ ಗೇಟು ತೆರೆದು ಊಟ ಬಡಿಸಲು ಅಡ್ಡಿ ಏನಿದೆ? ಊಟಕ್ಕೆ ಬಂದ ಮಗುವಿನ ಕೈಗೆ ಅಭ್ಯಾಸ ಹಾಳೆ ಕೊಟ್ಟು, ನಿನ್ನೆಯ ಹಾಳೆ ಪಡೆಯಬಹುದು. ಸ್ಮಾರ್ಟ್‌ಫೋನ್ ಇಲ್ಲದ ಮನೆಗೂ ಇದಕ್ಕಿಂತ ಭರವಸೆಯ ಸಂಪರ್ಕ ಇನ್ನೊಂದು ಇರಲಾರದು.

ಅತಿಥಿ ಶಿಕ್ಷಕರ ಮಾತು ಯಾವ ಡಿಜಿಟಲ್ ಯೋಜನೆಯಲ್ಲೂ ಬರುವುದಿಲ್ಲ. ಖಾಲಿ ಹುದ್ದೆಗಳನ್ನು ಅವರಿಂದ ತುಂಬಿಸಿಕೊಂಡಿರುವ ಶಾಲೆಗಳಲ್ಲಿ, ಮುಚ್ಚುಗಡೆಯ ದಿನಗಳಿಗೆ ಅವರ ಗೌರವಧನ ಉಂಟೇ ಇಲ್ಲವೇ ಎಂಬುದನ್ನು ಮೊದಲೇ ಬರೆದು ಹೇಳದೆ ಸಂಜೆಯ ಸರದಿಗೆ ಅವರ ಹೆಸರು ಹಾಕುವುದು ನ್ಯಾಯವಲ್ಲ. ಖಾಸಗಿ ಶಾಲೆಗಳಲ್ಲಿ ಇದೇ ಪ್ರಶ್ನೆ ಶುಲ್ಕದ ರೂಪ ತಾಳುತ್ತದೆ: 2021ರ ಜನವರಿಯಲ್ಲಿ ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಆದೇಶಿಸಿದಾಗ ಶಾಲೆಗಳೂ ಪೋಷಕರೂ ಬೀದಿಗಿಳಿದದ್ದು, ನ್ಯಾಯಾಲಯಕ್ಕೆ ಹೋದದ್ದು ಬಹಳ ಹಿಂದಿನ ಮಾತೇನಲ್ಲ.

ಕಟ್ಟಡ ಕಾಮಗಾರಿಯ ಶೆಡ್‌ಗಳಲ್ಲಿ ಇರುವ ವಲಸೆ ಕುಟುಂಬಗಳ ಮಕ್ಕಳಿಗೆ ಸ್ಥಿರವಾದ ಫೋನ್ ನಂಬರ್ ಇರುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಒಂದು ವಾರ ಶಾಲೆ ಮುಚ್ಚಿದರೆ ಊರಿಗೆ ಹೊರಟುಬಿಡುವುದೂ ಉಂಟು. ಇವರ ಮಟ್ಟಿಗೆ ಯೋಜನೆ ಎಂದರೆ ಮೂರನೇ ದಿನ ಒಬ್ಬ ಶಿಕ್ಷಕರು ಶೆಡ್‌ಗೆ ಹೋಗಿ ಬರುವುದು. ಶ್ರವಣ ದೋಷವಿರುವ ಮಗುವಿಗೆ ಒಡೆದು ಬರುವ ವಿಡಿಯೊದಲ್ಲಿ ತುಟಿಯ ಚಲನೆ ಕಾಣುವುದಿಲ್ಲ, ಅದಕ್ಕೆ ಬರಹದ ಹಾಳೆಯೇ ಗತಿ. ಹೀಗೆ ಪ್ರತ್ಯೇಕ ಗಮನ ಬೇಕಾದ ಮಕ್ಕಳ ಪಟ್ಟಿ ಶಾಲೆಯಲ್ಲಿ ಇರಬೇಕು. ಜೊತೆಗೆ, ಪ್ರತಿ ಮಗುವಿನ ಮನೆಯ ಫೋನ್ ವಿವರವನ್ನು ಸಂಗ್ರಹಿಸುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ ಎಂಬುದನ್ನು ನೆನಪಿಡಬೇಕು. ಮಕ್ಕಳ ನಂಬರ್‌ಗಳಿರುವ ಪಟ್ಟಿಯನ್ನು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಯಬಿಡುವ ಅಭ್ಯಾಸ ನಿಲ್ಲಬೇಕಾದದ್ದು ಕಾಯ್ದೆ ಇರದಿದ್ದರೂ ಸರಿಯೇ.

ಮಕ್ಕಳ ಸಾಧನೆ ದಾಖಲಿಸುವ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಈಗಾಗಲೇ ಇದೆ. ದಾಖಲಾತಿಯ ಹೊತ್ತಿನಲ್ಲಿ ಪೋಷಕರನ್ನು ಕೇಳಬೇಕಾದ ಹೊಸ ಪ್ರಶ್ನೆಗಳು ಹೆಚ್ಚಿಲ್ಲ. ಫೋನ್ ಎಷ್ಟು ಗಂಟೆಗೆ ಮನೆಯಲ್ಲಿರುತ್ತದೆ, ಅದನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆ, ಹಗಲಿನಲ್ಲಿ ಮನೆಯಲ್ಲಿ ಓದಿ ಹೇಳುವ ದೊಡ್ಡವರು ಇದ್ದಾರೆಯೇ, ಇಲ್ಲದಿದ್ದರೆ ಹತ್ತಿರದಲ್ಲಿ ಯಾರಿದ್ದಾರೆ. ಈ ನಾಲ್ಕು ಉತ್ತರಗಳು ಕೈಯಲ್ಲಿದ್ದರೆ ಒಂದು ಕ್ಲಸ್ಟರ್‌ನ ಸಂಜೆ ತರಗತಿ ಏಳಕ್ಕೋ ಎಂಟಕ್ಕೋ ಎಂಬುದನ್ನು ಊಹೆಯ ಮೇಲೆ ನಿರ್ಧರಿಸಬೇಕಾಗುವುದಿಲ್ಲ.

ಇಂಥ ಯೋಜನೆಗೆ ಮುಂದಿನ ಪರೀಕ್ಷೆ ಯಾವಾಗ ಎಂಬುದೂ ಗೊತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಬಳಸದಂತೆ ತಡೆದರೂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳಿಗೆ ವಿನಾಯಿತಿ ಕೊಟ್ಟಿದೆ. ಜನಗಣತಿಯ ತಲೆ ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರುವರಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಸಾಮಾನ್ಯವಾಗಿ ಆರಂಭವಾಗುವುದು ಮಾರ್ಚ್‌ನಲ್ಲಿ. ಮಳೆಯಂತೆ ಇದು ಹಿಂದಿನ ಸಂಜೆ ತಿಳಿಯುವ ಸಂಗತಿಯಲ್ಲ. ಯಾವ ಶಾಲೆಯ ಗಣಿತ ಶಿಕ್ಷಕರು ಮನೆಮನೆಗೆ ಹೋಗುತ್ತಾರೆ, ಅವರ ಹತ್ತನೇ ತರಗತಿಯನ್ನು ಆ ವಾರಗಳಲ್ಲಿ ಕ್ಲಸ್ಟರ್‌ನ ಯಾರು ನೋಡಿಕೊಳ್ಳುತ್ತಾರೆ, ಸಂಜೆಯ ಪುನರಾವರ್ತನೆ ತರಗತಿ ಯಾರ ಸರದಿ ಎಂಬ ಪಟ್ಟಿಯನ್ನು ಆ ಶೈಕ್ಷಣಿಕ ವರ್ಷದ ಜೂನ್‌ನಲ್ಲೇ, ಗಣತಿ ನೇಮಕಾತಿಯ ಆದೇಶ ಬರುವ ಮೊದಲೇ, ಉಪನಿರ್ದೇಶಕರ ಕಚೇರಿಯಲ್ಲಿ ಕೂತು ಬರೆಯಲು ಸಾಧ್ಯವಿದೆ.